ಮತ್ಸ್ಯಕನ್ಯೆಯ ಕಥೆ: ಎರಡನೆಯ ಭಾಗವನ್ನು ಓದಿದ ಮೇಲೆ

ಶ್ರಾವಣ ಮಾಸ ಬಂತೆಂದರೆ ನಮ್ಮ ಮಠಗಳಲ್ಲಿಯೂ ಊರ ದೇವಾಲಯಗಳ ಜಗುಲಿಗಳಲ್ಲಿಯೂ ಪುರಾಣ ಪ್ರವಚನ ಆರಂಭವಾಗುವ ಪದ್ಧತಿಯನ್ನು ಓದುಗರು ಬಲ್ಲರು. ಪುರಾಣಿಕರು ಒಂದು ಸಂಜೆಗೆ ಇಷ್ಟು ಎಂದು ಕಥೆಯನ್ನು ಅಳೆದು ಹೇಳುತ್ತಾರೆ. ಕೇಳುವವರ ಮನಸ್ಸು ತುದಿಗಾಲಲ್ಲಿ ನಿಂತಿರುವ ಘಟ್ಟಕ್ಕೆ ತಂದು, ಅಲ್ಲಿಯೇ ನಿಲ್ಲಿಸಿ, ಮುಂದಿನದು ನಾಳೆಗೆ ಎಂದು ಗ್ರಂಥವನ್ನು ಮಡಿಸಿಡುತ್ತಾರೆ. ಕೇಳಿದವರು ಮನೆಗೆ ಹೋಗುವ ದಾರಿಯುದ್ದಕ್ಕೂ ಮುಂದೇನಾಯಿತು ಎಂದು ಮಾತನಾಡಿಕೊಳ್ಳುತ್ತಾರೆ. ಈ 'ಮುಂದೇನು' ಎಂಬ ಹಂಬಲ ಮನುಷ್ಯನ ಹಸಿವು ನೀರಡಿಕೆಗಳಷ್ಟೇ ಹಳೆಯದು. ೧೯೪೯ರಿಂದ ಕನ್ನಡದಲ್ಲಿ ಬರುತ್ತಿದ್ದು ಈಗ ನಿಂತುಹೋಗಿರುವ 'ಚಂದಮಾಮ'ದ ಧಾರಾವಾಹಿಗಳನ್ನು ತಿಂಗಳಿಡೀ ಕಾದು ಓದಿದ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆ ಹಂಬಲ ಇಂದಿನ ಮಕ್ಕಳಲ್ಲಿಯೂ ಇದೆ. ಅದರ ವೇಷ ಮಾತ್ರ ಬೇರೆಯಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮನೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಹೆಣ್ಣುಮಕ್ಕಳ ಕೈಯಲ್ಲಿ ನಾನೂರು ಪುಟಗಳ ದಪ್ಪ ಕಾದಂಬರಿಗಳು ಕಾಣಿಸುತ್ತಿವೆ. ಮುಖಪುಟದ ಮೇಲೆ ಸೊಂಟದಿಂದ ಮೇಲೆ ಹುಡುಗಿ, ಕೆಳಗೆ ಮೀನಿನ ಬಾಲವುಳ್ಳ ಚಿತ್ರ. ಒಂದನ್ನು ಮುಗಿಸಿದರೆ ಎರಡನೆಯದು, ಅದು ಮುಗಿದರೆ ಮೂರನೆಯದು. ಇದೇನು ಓದು, ಇದರಿಂದ ಮಕ್ಕಳಿಗೆ ಒಳಿತೋ ಕೆಡುಕೋ ಎಂದು ಹಲವು ತಾಯಂದಿರು ನಮ್ಮನ್ನು ಕೇಳಿರುವರು. ಈ ಲೇಖನ ಅವರಿಗೆ ಕೊಡುವ ಉತ್ತರ.

ಒಂದು ಮನೆಯ ವ್ಯಾಜ್ಯ

ಹುಣಸೂರಿನ ಒಂದು ಸದ್ಭಕ್ತ ಕುಟುಂಬದಲ್ಲಿ ಇದು ಸಣ್ಣ ವ್ಯಾಜ್ಯವಾಗಿಯೇ ಬೆಳೆದಿತ್ತು. ಹತ್ತನೆಯ ತರಗತಿಯ ಹುಡುಗಿ ಇಂತಹ ಒಂದು ಮಾಲೆಯ ಮೊದಲನೆಯ ಪುಸ್ತಕವನ್ನು ಓದಿದ್ದಳು. ಎರಡನೆಯದನ್ನು ಅವಳ ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟಿದ್ದರು. ಪರೀಕ್ಷೆ ಹತ್ತಿರವಿರುವುದರಿಂದ ತಂದೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಾವು ಶಿವಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತ ವೇಳೆಯಲ್ಲಿ ಅವರು ಮಾತೆತ್ತಿದರು.

"ಬುದ್ಧಿ, ನೀವೇ ಒಂದು ಮಾತು ಹೇಳಿ. ಮೀನಿನ ಬಾಲದ ಹುಡುಗಿಯರ ಕಥೆಯಂತೆ. ಒಂದು ಸಾಲದು ಅಂತ ಇನ್ನೊಂದು. ಇದರಿಂದ ಏನು ಬಂತು?"

ಹುಡುಗಿ ಬಾಗಿಲ ಬಳಿ ನಿಂತಿದ್ದಳು. "ಬುದ್ಧಿ, ಮೊದಲನೇದು ನಿಂತಿರೋದೇ ಅರ್ಧದಲ್ಲಿ. ಆಮೇಲೆ ಏನಾಯ್ತು ಅಂತ ಗೊತ್ತಾಗದೆ ಇದ್ದರೆ ಓದೋಕೆ ಕೂತರೂ ಮನಸ್ಸು ಅಲ್ಲೇ ಇರುತ್ತೆ" ಎಂದಳು.

ಓದದ ಪುಸ್ತಕದ ಮೇಲೆ ತೀರ್ಪು ಕೊಡುವುದು ನಾವು ಮಠದ ಪಾಠಶಾಲೆಯಲ್ಲಿ ಕಲಿತ ಕ್ರಮವಲ್ಲ. ಪೂರ್ವಪಕ್ಷವನ್ನು ಪೂರ್ತಿಯಾಗಿ ತಿಳಿದ ಬಳಿಕವೇ ಸಿದ್ಧಾಂತ. ಆದುದರಿಂದ ಆ ಎರಡು ಪುಸ್ತಕಗಳನ್ನೂ ಕೇಳಿ ಪಡೆದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆವು.

ಎರಡನೆಯ ಭಾಗ ಎಂಬುದು ಹೊಸತಲ್ಲ

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಕಥೆಯೊಂದು ಮುಗಿದ ಮೇಲೆ ಅದರ ಮುಂದಿನ ಭಾಗವನ್ನು ಬರೆಯುವುದು ಪಾಶ್ಚಾತ್ಯರ ವ್ಯಾಪಾರದ ಉಪಾಯ ಎಂದು ಕೆಲವರು ತಿಳಿದಿರುವರು. ವ್ಯಾಪಾರವೂ ಇದೆ, ನಿಜ. ಆದರೆ ಪದ್ಧತಿ ನಮ್ಮದೂ ಹೌದು. ರಾಮಾಯಣಕ್ಕೆ ಉತ್ತರಕಾಂಡ ಉಂಟು, ಮಹಾಭಾರತಕ್ಕೆ ಹರಿವಂಶ ಉಂಟು. ನಮ್ಮ ಪರಂಪರೆಯಲ್ಲಿ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಅನುಸರಿಸಿ ಭೀಮಕವಿ ೧೩೬೯ರಲ್ಲಿ ಕನ್ನಡದ ಬಸವಪುರಾಣವನ್ನು ರಚಿಸಿದನು. ಎರಡು ಶತಮಾನಗಳು ಕಳೆದ ಬಳಿಕ, ೧೫೮೪ರ ಸುಮಾರಿಗೆ, ವಿರೂಪಾಕ್ಷ ಪಂಡಿತನು ಚೆನ್ನಬಸವಪುರಾಣವನ್ನು ಬರೆದನು. ಸೋದರಮಾವನ ಕಥೆಯನ್ನು ಕೇಳಿ ತಣಿದ ಭಕ್ತರು ಸೋದರಳಿಯನ ಕಥೆಯನ್ನೂ ಬಯಸಿದರು. ಅಲ್ಲಿ ಚೆನ್ನಬಸವಣ್ಣನವರು ಸೊನ್ನಲಿಗೆಯ ಸಿದ್ಧರಾಮರಿಗೆ ತತ್ತ್ವವನ್ನು ಬೋಧಿಸುತ್ತಾರೆ.

ಮೊದಲ ಭಾಗದ ಕೆಲಸ ಬೇರೆ, ಎರಡನೆಯ ಭಾಗದ ಕೆಲಸ ಬೇರೆ. ಮೊದಲ ಭಾಗದಲ್ಲಿ ನಾಯಕನೋ ನಾಯಕಿಯೋ ತಾನು ಯಾರು ಎಂಬುದನ್ನು ಅರಿಯುತ್ತಾರೆ. ಹಾಗೆ ಅರಿತ ಮೇಲೆ ಹೊರಬೇಕಾದ ಹೊಣೆ ಯಾವುದು ಎಂಬುದು ಎರಡನೆಯ ಭಾಗದ ಪ್ರಶ್ನೆ. ಪಟ್ಟಾಭಿಷೇಕಕ್ಕೆ ಕಥೆ ನಿಂತರೆ ಎಲ್ಲರಿಗೂ ಸಂತೋಷ. ಪಟ್ಟವೇರಿದವನು ರಾಜ್ಯವನ್ನು ಹೇಗೆ ಆಳಿದನು, ಅದರಿಂದ ಸೀತೆಗೆ ಏನಾಯಿತು ಎಂದು ಕೇಳುವ ಎದೆಗಾರಿಕೆ ಉತ್ತರಕಾಂಡಕ್ಕೆ ಮಾತ್ರ ಇದೆ. ಆ ಕಾಂಡ ಸುಖದಾಯಕವಲ್ಲ. ಆದರೂ ನಮ್ಮ ಹಿರಿಯರು ಅದನ್ನು ಬಿಟ್ಟುಬಿಡಲಿಲ್ಲ.

ನಮ್ಮ ಮೀನಿನ ಮಗಳು

ಮೀನಿಗೂ ಹೆಣ್ಣಿಗೂ ನಂಟನ್ನು ಕಲ್ಪಿಸಿದ ಕಥೆಯೂ ಹೊರಗಿನಿಂದಲೇ ಬಂದುದಲ್ಲ. ಮಹಾಭಾರತದ ಆದಿಪರ್ವವನ್ನು ನೆನೆದರೆ ಸಾಕು. ಶಾಪದಿಂದ ಮೀನಾಗಿ ಯಮುನೆಯಲ್ಲಿದ್ದ ಅದ್ರಿಕೆ ಎಂಬ ಅಪ್ಸರೆ ಬೆಸ್ತರ ಬಲೆಗೆ ಸಿಲುಕಿದಳು. ಆ ಮೀನಿನ ಹೊಟ್ಟೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಮಗು ದೊರೆತವು. ಗಂಡು ಮತ್ಸ್ಯರಾಜನಾದನು. ಹೆಣ್ಣುಮಗು ದಾಶರಾಜನ ಮನೆಯಲ್ಲಿ ಬೆಳೆಯಿತು. ಮೈಯಲ್ಲಿ ಮೀನಿನ ವಾಸನೆ ಇದ್ದುದರಿಂದ ಆಕೆ ಮತ್ಸ್ಯಗಂಧಿ. ನದಿಯಲ್ಲಿ ದೋಣಿ ನಡೆಸುತ್ತಿದ್ದವಳು ಪರಾಶರರ ವರದಿಂದ ಯೋಜನದ ದೂರಕ್ಕೆ ಪರಿಮಳ ಬೀರುವ ಯೋಜನಗಂಧಿಯಾದಳು, ವ್ಯಾಸರ ತಾಯಿಯಾದಳು, ಮುಂದೆ ಶಂತನುವಿನ ಪಟ್ಟದರಸಿ ಸತ್ಯವತಿಯಾದಳು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಮಕ್ಕಳಿಗೆ ಹೇಳುವ ಸೊಗಸಾದ ಕಥೆ. ಬೆಸ್ತರ ಹುಡುಗಿ ರಾಣಿಯಾದಳು, ಮಂಗಳ. ಆದರೆ ವ್ಯಾಸರು ಎರಡನೆಯ ಭಾಗವನ್ನೂ ಹೇಳಿದರು, ಅದೂ ತಮ್ಮ ತಾಯಿಯ ವಿಷಯದಲ್ಲಿ. ತನ್ನ ಮಕ್ಕಳಿಗೇ ರಾಜ್ಯವಾಗಬೇಕೆಂಬ ತಂದೆಯ ಷರತ್ತಿನಿಂದ ಭೀಷ್ಮನು ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿದನು. ಆ ಮಕ್ಕಳಾದರೂ ಉಳಿದರೇ? ಚಿತ್ರಾಂಗದನು ಅದೇ ಹೆಸರಿನ ಗಂಧರ್ವನಿಂದ ಹತನಾದನು. ವಿಚಿತ್ರವೀರ್ಯನು ಕ್ಷಯದಿಂದ ತೀರಿಕೊಂಡನು. ಬರಿದಾದ ಮನೆಯನ್ನು ಎತ್ತಿ ನಿಲ್ಲಿಸುವ ಭಾರ ಮೀನಿನ ಹೊಟ್ಟೆಯಲ್ಲಿ ಹುಟ್ಟಿದ ಆ ಮಗಳ ಮೇಲೆಯೇ ಬಿತ್ತು. ಕಡೆಗೆ ಪಾಂಡುವೂ ಮಡಿದ ಮೇಲೆ, ಮುಂದೆ ಬರುವ ಕೇಡನ್ನು ನೋಡಬೇಡವೆಂದು ವ್ಯಾಸರು ಎಚ್ಚರಿಸಲು, ಆಕೆ ಸೊಸೆಯರನ್ನು ಕರೆದುಕೊಂಡು ಕಾಡಿಗೆ ಹೋದಳು. ಒಂದು ಷರತ್ತು ಎಷ್ಟು ದೂರ ಹೋಗಿ ಮುಟ್ಟುತ್ತದೆ ಎಂಬುದನ್ನು ಮೊದಲ ಭಾಗ ತಿಳಿಸಲಾರದು.

ಹೊರಗಿನ ನೀರುಗಳಲ್ಲಿ

ಅರ್ಧ ಮಾನವ, ಅರ್ಧ ಜಲಚರ ಎಂಬ ಕಲ್ಪನೆ ಬಹುತೇಕ ಎಲ್ಲ ಜನಾಂಗಗಳಲ್ಲಿಯೂ ಇದೆ. ಥಾಯ್ ದೇಶದ ರಾಮಕಥೆಯಲ್ಲಿ ಸೇತುವೆಯ ಕಲ್ಲುಗಳನ್ನು ಕದಿಯುವ ಸುವರ್ಣಮತ್ಸ್ಯೆ ಎಂಬ ಮೀನುಕನ್ಯೆ ರಾವಣನ ಮಗಳು. ಹನುಮಂತನು ಆಕೆಯ ಮನಸ್ಸನ್ನು ಗೆಲ್ಲುತ್ತಾನೆ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್‌ಸನ್ ೧೮೩೭ರಲ್ಲಿ ಪ್ರಕಟಿಸಿದ ಪುಟ್ಟ ಮತ್ಸ್ಯಕನ್ಯೆಯ ಕಥೆಯಲ್ಲಿ ಆಕೆ ಮನುಷ್ಯರ ಕಾಲುಗಳನ್ನು ಪಡೆಯಲು ತನ್ನ ಕಂಠವನ್ನೇ ತೆರುತ್ತಾಳೆ. ರಾಜಕುಮಾರನು ಬೇರೊಬ್ಬಳನ್ನು ವರಿಸುತ್ತಾನೆ. ೧೯೮೯ರಲ್ಲಿ ಡಿಸ್ನಿ ಸಂಸ್ಥೆಯವರು ಚಲನಚಿತ್ರ ಮಾಡಿದಾಗ ಆ ದುಃಖವನ್ನು ತೆಗೆದು ಮದುವೆಯಲ್ಲಿ ಮುಗಿಸಿದರು. ಮಕ್ಕಳು ಇಂದು ಬಲ್ಲದ್ದು ಹೆಚ್ಚಾಗಿ ಈ ಬದಲಾದ ಕಥೆಯನ್ನು.

೧೪೯೩ರ ಜನವರಿಯಲ್ಲಿ ಕೊಲಂಬಸನು ಕೆರಿಬಿಯನ್ ದ್ವೀಪಗಳ ಬಳಿಯ ಕಡಲಿನಲ್ಲಿ ಮೂವರು ಮತ್ಸ್ಯಕನ್ಯೆಯರನ್ನು ಕಂಡೆನೆಂದೂ ಚಿತ್ರಗಳಲ್ಲಿರುವಷ್ಟು ಅವರು ಚೆಲುವೆಯರಲ್ಲವೆಂದೂ ದಾಖಲಿಸಿದ್ದಾನೆ. ಅವನು ಕಂಡದ್ದು ಕಡಲಹಸುವಿನ ಜಾತಿಯ ಪ್ರಾಣಿಯಿರಬೇಕೆಂದು ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯ. ಅದೇ ಬಳಗದ ಡುಗಾಂಗ್ ಎಂಬ ಪ್ರಾಣಿ ನಮ್ಮ ನೆರೆಯ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಇಂದಿಗೂ ಇದೆ. ಅಳಿದುಹೋಗುತ್ತಿರುವ ಅದರ ರಕ್ಷಣೆಗಾಗಿ ೨೦೨೨ರಲ್ಲಿ ಅಲ್ಲಿನ ಸರ್ಕಾರವು ೪೪೮ ಚದರ ಕಿಲೋಮೀಟರಿನ ಸಂರಕ್ಷಣಾ ಪ್ರದೇಶವನ್ನು ಘೋಷಿಸಿತು. ಸಮುದ್ರದ ತಳದ ಹುಲ್ಲನ್ನು ಮೇಯುವ ಸಾಧು ಪ್ರಾಣಿಯದು.

ಪಿರಿಯಾಪಟ್ಟಣ ತಾಲ್ಲೂಕಿನವರು ಇನ್ನೂ ಹತ್ತಿರ ನೋಡಬಹುದು. ಬೈಲಕುಪ್ಪೆಯಲ್ಲಿ ೧೯೬೦ರ ದಶಕದಿಂದ ನೆಲೆಸಿರುವ ಟಿಬೆಟಿನವರ ನಂಬಿಕೆಯಲ್ಲಿ 'ಲು' ಎಂಬ ಜಲದೇವತೆಗಳಿವೆ. ನಮ್ಮ ನಾಗರಂತೆ ಇವು ಸೊಂಟದ ಮೇಲೆ ಮನುಷ್ಯರು, ಕೆಳಗೆ ಹಾವು. ನೀರಿನ ನೆಲೆಯನ್ನು ಹೊಲಸು ಮಾಡಿದರೆ ಅವು ಮುನಿದು ರೋಗ ತರುತ್ತವೆ ಎಂಬುದು ಅವರ ಭಾವನೆ. ಆಚಾರ್ಯ ನಾಗಾರ್ಜುನನು ನಾಗಲೋಕಕ್ಕೆ ಇಳಿದು ಅಲ್ಲಿ ಕಾಪಾಡಿಟ್ಟಿದ್ದ ಪ್ರಜ್ಞಾಪಾರಮಿತಾ ಗ್ರಂಥವನ್ನು ತಂದನೆಂಬ ಐತಿಹ್ಯವೂ ಬೌದ್ಧರಲ್ಲಿದೆ. ನೀರಿನ ಅಡಿಯಲ್ಲಿ ಪುಸ್ತಕ ಭಂಡಾರವಿರಬಹುದೆಂಬ ಈ ಕಲ್ಪನೆಯನ್ನು ನೆನಪಿನಲ್ಲಿಟ್ಟುಕೊಂಡು ಹುಡುಗಿಯ ಪುಸ್ತಕಕ್ಕೆ ಬರೋಣ.

ಪುಸ್ತಕದಲ್ಲಿ ಏನಿದೆ

ಅಮೆರಿಕದ ಲೇಖಕಿ ಜೆನಿಫರ್ ಡಾನೆಲಿ ಬರೆದ ಈ ಮಾಲೆಯ ಹೆಸರು 'ವಾಟರ್‌ಫೈರ್ ಸಾಗಾ'. ಇದರಲ್ಲಿ ನಾಲ್ಕು ಭಾಗಗಳು: ೨೦೧೪ರ 'ಡೀಪ್ ಬ್ಲೂ', ೨೦೧೫ರಲ್ಲಿಯೇ ಬಂದ 'ರೋಗ್ ವೇವ್' ಮತ್ತು 'ಡಾರ್ಕ್ ಟೈಡ್', ೨೦೧೬ರ 'ಸೀ ಸ್ಪೆಲ್'. ನಮ್ಮ ವ್ಯಾಜ್ಯಕ್ಕೆ ಕಾರಣವಾದದ್ದು ಎರಡನೆಯದು. ಕಡಲಿನಲ್ಲಿ ಯಾವ ಸೂಚನೆಯೂ ಇಲ್ಲದೆ, ಉಳಿದ ಅಲೆಗಳನ್ನು ಮೀರಿ ಏಳುವ ದೈತ್ಯ ಅಲೆಗೆ ಇಂಗ್ಲಿಷಿನಲ್ಲಿ ಆ ಹೆಸರು.

ಮೊದಲ ಭಾಗದ ಸಾರ ಇಷ್ಟು. ಮೆಡಿಟರೇನಿಯನ್ ಸಮುದ್ರದೊಳಗಿನ ಮಿರೊಮಾರಾ ರಾಜ್ಯದ ಕುಮಾರಿ ಸೆರಾಫಿನಾ. ಆಕೆ ರಾಜವಂಶದವಳೆಂದು ಸಿದ್ಧಪಡಿಸುವ ಉತ್ಸವದ ದಿನವೇ ಶತ್ರುಗಳು ಎರಗುತ್ತಾರೆ, ತಾಯಿಯಾದ ರಾಣಿಗೆ ಬಾಣ ತಗಲುತ್ತದೆ, ನಗರ ಹಾಳಾಗುತ್ತದೆ. ಗೆಳತಿ ನೀಲಾಳೊಡನೆ ಆಕೆ ತಪ್ಪಿಸಿಕೊಂಡು ದೂರದ ನದಿಯೊಂದರ ಮಾಂತ್ರಿಕರ ಬಳಿಗೆ ಹೋಗುತ್ತಾಳೆ. ಬೇರೆ ಬೇರೆ ನೀರುಗಳಿಂದ ಬಂದ ಇನ್ನು ನಾಲ್ವರು ಹುಡುಗಿಯರು ಅಲ್ಲಿ ಸೇರುತ್ತಾರೆ. ಮುಳುಗಿಹೋದ ಅಟ್ಲಾಂಟಿಸ್ ನಗರವನ್ನು ಒಮ್ಮೆ ಆಳಿದ ಆರು ಮಂತ್ರಜ್ಞರ ಸಂತತಿಯವರು ತಾವು, ಅಂದು ಬಂಧಿಸಿದ ರಾಕ್ಷಸಶಕ್ತಿ ಮತ್ತೆ ಎಚ್ಚರಗೊಳ್ಳುತ್ತಿದೆ, ಆರು ರಕ್ಷಾವಸ್ತುಗಳನ್ನು ಹುಡುಕಬೇಕು ಎಂಬುದು ಅವರಿಗೆ ತಿಳಿಯುತ್ತದೆ. ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಹುಡುಗಿಯ ಚಡಪಡಿಕೆಯಲ್ಲಿ ಅರ್ಥವಿತ್ತೆಂಬುದು ನಮಗೂ ಮನವರಿಕೆಯಾಯಿತು.

ಎರಡನೆಯ ಭಾಗದಲ್ಲಿ ಗೆಳತಿಯರು ಚದುರುತ್ತಾರೆ. ಸೆರಾಫಿನಾ ಹಾಳಾದ ತನ್ನ ಊರಿಗೆ ಗುಟ್ಟಾಗಿ ಮರಳುತ್ತಾಳೆ. ಅಲ್ಲಿನ ಗ್ರಂಥಾಲಯದಲ್ಲಿ ತಾಳೆಗರಿಯೂ ಇಲ್ಲ, ಕಾಗದವೂ ಇಲ್ಲ. ಸಾಲು ಸಾಲಾಗಿ ಶಂಖಗಳು. ಹಿಂದಿನವರ ಮಾತುಗಳು ಆ ಶಂಖಗಳಲ್ಲಿ ಅಡಗಿವೆ, ಕಿವಿಗಿಟ್ಟು ಆಲಿಸಬೇಕು. ಆಕೆ ಕತ್ತಿಗಾಗಿ ಹುಡುಕದೆ ಮೊದಲು ಈ ಭಂಡಾರಕ್ಕೆ ಹೋಗುತ್ತಾಳೆ, ಪೂರ್ವಿಕಳೊಬ್ಬಳು ಏನು ಮಾಡಿದಳೆಂಬುದನ್ನು ಅಲ್ಲಿ ಕೇಳುತ್ತಾಳೆ. ಮಠದ ಗ್ರಂಥಭಂಡಾರಗಳಲ್ಲಿ ತಾಳೆಗರಿಗಳ ನಡುವೆ ಬೆಳೆದ ನಮಗೆ ಈ ಭಾಗ ಬಹಳ ಹಿಡಿಸಿತು.

ಹಿಂದೂ ಮಹಾಸಾಗರದ ಕುಮಾರಿ

ಗೆಳತಿ ನೀಲಾ ಹಿಂದೂ ಮಹಾಸಾಗರದ ರಾಜ್ಯದವಳು. ಆ ರಾಜ್ಯಕ್ಕೆ ಲೇಖಕಿ ಇಟ್ಟಿರುವ ಹೆಸರು ಮಾತಲಿ. ನಮ್ಮ ಪುರಾಣಗಳಲ್ಲಿ ಮಾತಲಿ ಇಂದ್ರನ ಸಾರಥಿ. ಉದ್ಯೋಗಪರ್ವದಲ್ಲಿ ಆತ ಮಗಳು ಗುಣಕೇಶಿಗೆ ವರನನ್ನು ಅರಸುತ್ತ ನಾರದರೊಡನೆ ವರುಣಲೋಕವನ್ನೂ ಪಾತಾಳವನ್ನೂ ಸುತ್ತಿ, ಕೊನೆಗೆ ನಾಗಕುಮಾರ ಸುಮುಖನನ್ನು ಆರಿಸುತ್ತಾನೆ. ಈ ಕಥೆ ಲೇಖಕಿಗೆ ಗೊತ್ತಿತ್ತೋ ಇಲ್ಲವೋ, ಹೆಸರು ಮಾತ್ರ ನೀರಿನ ಲೋಕಕ್ಕೆ ಒಪ್ಪಿದೆ.

ನೀಲಾ ಚೆಂದದ ಉಡುಗೆ ತೊಡುವವಳು, ಮನಸ್ಸು ಕಳವಳಗೊಂಡಾಗಲೆಲ್ಲ ಸಿಹಿ ತಿನ್ನುವವಳು. ಎಲ್ಲರೂ ಆಕೆಯನ್ನು ಹಗುರವಾಗಿ ಕಂಡವರೇ. ಎರಡನೆಯ ಭಾಗದಲ್ಲಿ ಆಕೆ ತವರಿಗೆ ಮರಳಿ, ಬರಲಿರುವ ಅಪಾಯವನ್ನು ತಂದೆತಾಯಿಗೆ ತಿಳಿಸುತ್ತಾಳೆ. ಅವರು ನಂಬುವುದಿಲ್ಲ. ಮಗಳಿಗೆ ಬುದ್ಧಿ ಕೆಟ್ಟಿದೆ ಎಂದು ಭಾವಿಸಿ, ಆಕೆಯ ಒಳಿತಿಗಾಗಿಯೇ, ಆಕೆಯ ಕೋಣೆಯಲ್ಲಿಯೇ ಕೂಡಿಹಾಕುತ್ತಾರೆ. ಅವರು ಕೆಟ್ಟ ತಂದೆತಾಯಿಯಲ್ಲ, ಪ್ರೀತಿಯುಳ್ಳವರು. ಆದರೆ ಅವರ ಪ್ರೀತಿ ಮಗಳ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಆಪತ್ತು ಅರಮನೆಗೂ ಬಂದ ಮೇಲೆ, ಸಿಹಿತಿಂಡಿಯ ಹುಡುಗಿ ಎಂದು ನಗೆಗೆ ಗುರಿಯಾಗಿದ್ದವಳೇ ತನ್ನ ಪಾಲಿನ ರಕ್ಷಾವಸ್ತುವನ್ನು ಅರಸಿ ಭಯಂಕರ ಪ್ರಾಣಿಗಳ ಗವಿಗೆ ಹೋಗಬೇಕಾಗುತ್ತದೆ. ಈ ಪುಸ್ತಕದ ಹೃದಯ ಇರುವುದು ಇಲ್ಲಿ. ಬೀರುವಿಗೆ ಬೀಗ ಹಾಕಿದ ಮನೆಯಲ್ಲಿ ಈ ಭಾಗವನ್ನು ಯಾರು ಓದಬೇಕಾಗಿತ್ತು ಎಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಗುಣದೋಷ ವಿಚಾರ

ಗುಣಗಳನ್ನು ಹೇಳುವುದಾದರೆ, ಮೊದಲನೆಯದಾಗಿ ಇಲ್ಲಿ ಹುಡುಗಿಯರು ರಾಜಕುಮಾರನು ಬಂದು ಬಿಡಿಸಲಿ ಎಂದು ಕಾಯುವುದಿಲ್ಲ. ಎರಡನೆಯದಾಗಿ, ಅವರ ಶಕ್ತಿಯಿರುವುದು ಹಾಡಿನಲ್ಲಿ. ಶ್ರುತಿ ತಪ್ಪಿದರೆ ಮಂತ್ರ ಫಲಿಸದು. ಮಾತಿಗೆ ಶಕ್ತಿಯಿದೆ, ಆಡುವವರು ಶುದ್ಧರಾಗಿರಬೇಕು ಎಂಬ ಮಾತು ಶರಣರ ಮನೆಗಳಿಗೆ ಅಪರಿಚಿತವಲ್ಲ. ಮೂರನೆಯದಾಗಿ, ಕಡಲಿಗೆ ಕಸ ಸುರಿದು ಬಲೆ ಬೀಸಿ ಬರಿದು ಮಾಡುವ ಮನುಷ್ಯರನ್ನು ಜಲಚರರ ಕಣ್ಣಿನಿಂದ ಕಾಣಿಸಿರುವುದು. ಆರು ಗೆಳತಿಯರಲ್ಲಿ ಒಬ್ಬಳು ಹಡಗಿನವರ ಬಲೆಗೆ ಸಿಲುಕಿ ಸೆರೆಯಾಗುತ್ತಾಳೆ. ಅದನ್ನು ಓದುವಾಗ ಬಲೆಯ ಒಳಗಿನಿಂದ ಲೋಕ ಹೇಗೆ ಕಾಣುತ್ತದೆ ಎಂಬುದು ಮಗುವಿಗೆ ತಿಳಿಯುತ್ತದೆ. ದಯೆ ಹುಟ್ಟಬೇಕಾದುದು ಹೀಗೆ.

ದೋಷಗಳೂ ಕಡಮೆಯಿಲ್ಲ. ಓಟ, ಬೆನ್ನಟ್ಟುವಿಕೆ, ಸೆರೆ, ಬಿಡುಗಡೆಗಳು ಒಂದರ ಮೇಲೊಂದು ಬಂದು ಓದುಗನಿಗೆ ಉಸಿರಾಡಲು ಎಡೆಯಿಲ್ಲ. ಸಾವಿರಾರು ವರ್ಷಗಳ ಹಿನ್ನೆಲೆಯ ರಾಜಕುಮಾರಿಯರು ಅಮೆರಿಕದ ಪಟ್ಟಣದ ಶಾಲಾ ಹುಡುಗಿಯರಂತೆ ಮಾತನಾಡುತ್ತಾರೆ. ನಮ್ಮ ಸಾಗರದ ರಾಜ್ಯವೆಂದರೆ ಬಣ್ಣದ ಉಡುಗೆ, ಒಡವೆ, ಮಿಠಾಯಿ ಎಂಬಷ್ಟಕ್ಕೇ ನಿಂತಿದೆ. ಅದರ ಒಳಬಾಳು ಕಾಣುವುದಿಲ್ಲ. ಇನ್ನು ಈ ಎರಡನೆಯ ಭಾಗವೂ ನಡುದಾರಿಯಲ್ಲಿಯೇ ನಿಲ್ಲುತ್ತದೆ. ಮೂರನೆಯದನ್ನು ಕೊಳ್ಳಲಿ ಎಂಬ ಪ್ರಕಾಶಕರ ಜಾಣತನ ಅಲ್ಲಿ ಎದ್ದು ಕಾಣುತ್ತದೆ. ಪುರಾಣಿಕರೂ ಕಥೆಯನ್ನು ನಡುವೆ ನಿಲ್ಲಿಸುವರು, ಆದರೆ ಮರುದಿನದ ಸಂಜೆಗೆ ಯಾರಿಂದಲೂ ಬೆಲೆ ಕೇಳುವುದಿಲ್ಲ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಇದು: ಪುಸ್ತಕ ಉತ್ತಮ ಕಾವ್ಯವಲ್ಲ, ಆದರೆ ಹುಸಿಯೂ ಅಲ್ಲ. ಹದಿನಾಲ್ಕು ಹದಿನೈದರ ಹುಡುಗಿ ಓದಬಾರದಂತಹುದು ಇದರಲ್ಲಿ ನಮಗೆ ಕಾಣಲಿಲ್ಲ. ಹೀಗೆಂದು ನಾವು ಆ ತಂದೆಗೆ ತಿಳಿಸಿ, ಒಂದು ಕ್ರಮವನ್ನು ಸೂಚಿಸಿದೆವು. ದಿನಕ್ಕೆ ಒಂದು ಅಧ್ಯಾಯ ಓದಲಿ, ರಾತ್ರಿ ಊಟವಾದ ಮೇಲೆ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಇದು ನಡೆಯಿತು. ಶಂಖದ ಗ್ರಂಥಾಲಯವನ್ನು ಕನ್ನಡದಲ್ಲಿ ಹೇಳಹೊರಟಾಗ ಹುಡುಗಿಗೆ ಮಾತು ಸಿಗದೆ ಅಜ್ಜಿಯೇ ಪದಗಳನ್ನು ಕೊಡಬೇಕಾಯಿತಂತೆ. ಬದಲಿಗೆ ಅಜ್ಜಿ ಮತ್ಸ್ಯಗಂಧಿಯ ಕಥೆಯನ್ನು ಹೇಳಿದರು. ಹುಡುಗಿ ಒಂದು ಪ್ರಶ್ನೆ ಹಾಕಿದಳು: "ಅಜ್ಜಿ, ಷರತ್ತು ಹಾಕಿದ್ದು ಅಪ್ಪ ಅಲ್ವಾ? ಸತ್ಯವತೀನ ಯಾರಾದ್ರೂ ಕೇಳಿದ್ರಾ?" ಅದಕ್ಕೆ ಉತ್ತರ ಹೇಳಲು ಅಜ್ಜಿ ನಮ್ಮ ಬಳಿಗೆ ಕಳುಹಿಸಿದರು. ಮೂಲದಲ್ಲಿ ಆ ಸಂದರ್ಭದಲ್ಲಿ ಮಾತನಾಡುವವರು ದಾಶರಾಜನೂ ದೇವವ್ರತನೂ. ಆಕೆಯ ಅಭಿಪ್ರಾಯವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ನಾವು ಹಾಗೆಯೇ ಹೇಳಿದೆವು. ನಲವತ್ತು ವರ್ಷ ಆ ಪರ್ವವನ್ನು ಪಾಠ ಹೇಳಿದ ನಮ್ಮನ್ನು ಈ ಪ್ರಶ್ನೆ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಎರಡು ಕಥೆಗಳು ಒಂದೇ ಮನೆಯಲ್ಲಿ ಎದುರುಬದುರಾಗಿ ಕುಳಿತುದರ ಫಲವಿದು.

ನಮ್ಮ ನೀರಿನ ಕಥೆಗಳು

ಇಷ್ಟು ಹೇಳಿದ ಮೇಲೆ ಮನೆಯ ಹಿರಿಯರಿಗೂ ಒಂದು ಮಾತು ಹೇಳಬೇಕು. ಮಿರೊಮಾರಾ, ಮಾತಲಿಗಳನ್ನು ಬಲ್ಲ ನಮ್ಮ ಮಕ್ಕಳು ತಮ್ಮ ತಾಲ್ಲೂಕಿನ ನೀರಿನ ಕಥೆಗಳನ್ನು ಅರಿಯದಿದ್ದರೆ ತಪ್ಪು ಮಕ್ಕಳದ್ದಲ್ಲ, ಹೇಳದವರದ್ದು.

ಕಾವೇರಿಯ ಕಥೆಯೇ ಒಂದು ಎರಡನೆಯ ಭಾಗದ ಕಥೆ. ಕವೇರ ಮುನಿಯ ಮಗಳಾಗಿ ಬೆಳೆದವಳು ಅಗಸ್ತ್ಯರನ್ನು ಮದುವೆಯಾದಳು, ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಮಾತನ್ನು ಪಡೆದಳು. ಆ ಮಾತು ತಪ್ಪಿದ ದಿನ ನೀರಾಗಿ ಹರಿದು ಹೊರಟಳು. ತಡೆಯಲು ಬಂದವರ ಕೈಗೆ ಸಿಗಲಿಲ್ಲ. ಬಲಮುರಿಯಲ್ಲಿ ಆಕೆಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದು ಕೊಡಗಿನವರು ಹೇಳುವರು. ಮದುವೆಯೇ ಕಥೆಯ ಕೊನೆಯಲ್ಲ ಎಂಬುದನ್ನು ನಮ್ಮ ನದಿ ಯಾವ ಕಾದಂಬರಿಕಾರರಿಗಿಂತಲೂ ಮೊದಲೇ ಹೇಳಿದೆ.

ಅದೇ ಕಾವೇರಿ ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಸೀಳಾಗಿ ಸುಮಾರು ೨೦ ಮೀಟರು ಎತ್ತರದಿಂದ ಧುಮುಕುತ್ತಾಳೆ. ಚುಂಚ, ಚುಂಚಿ ಎಂಬ ದಂಪತಿಗಳ ಹೆಸರು ಆ ಊರಿಗೆ ಬಂದಿತೆಂಬ ಐತಿಹ್ಯವಿದೆ. ಹೊರಗೆ ನೀರು ಎಷ್ಟೇ ಮೊರೆದರೂ ಕೋದಂಡರಾಮನ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸದೆಂದು ಯಾತ್ರಿಕರು ಹೇಳುವರು. ಸಂಕ್ರಾಂತಿಯ ವೇಳೆಯ ದನಗಳ ಜಾತ್ರೆಗೆ ಮಕ್ಕಳನ್ನು ಕರೆದೊಯ್ಯುವವರು ಈ ಕಥೆಗಳನ್ನೂ ಹೇಳಬಹುದು. ಹುಣಸೂರನ್ನು ಹಾಯುವ ಲಕ್ಷ್ಮಣತೀರ್ಥಕ್ಕೆ ಲಕ್ಷ್ಮಣನ ಬಾಣದ ಕಥೆಯಿದೆ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಆ ಹೊಳೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ.

ಮುಳುಗಿದ ನಗರವನ್ನು ಕಾಣಲು ಅಟ್ಲಾಂಟಿಸಿಗೂ ಹೋಗಬೇಕಾಗಿಲ್ಲ. ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ನೀರು ಇಳಿದ ಬೇಸಗೆಗಳಲ್ಲಿ ತಲೆಯೆತ್ತುತ್ತಿತ್ತು, ಈಚೆಗೆ ಅದನ್ನು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಪಿಲೆಗೆ ೧೯೭೪ರಲ್ಲಿ ಅಣೆಕಟ್ಟು ಮುಗಿದಾಗ ಊರುಗಳೂ ಕಾಡೂ ಹಿನ್ನೀರಿನ ಪಾಲಾದವು, ಮನೆಗಳವರು ದೇವರ ಪೆಟ್ಟಿಗೆ ಹೊತ್ತು ಬೇರೆಡೆಗೆ ಹೋದರು. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರು ಈ ಕಪಿಲೆಯ ದಡದ್ದೇ. ಊರು ಬಿಟ್ಟ ಆ ಹಿರಿಯರಲ್ಲಿ ಕೆಲವರು ಇನ್ನೂ ಇದ್ದಾರೆ. ಸೆರಾಫಿನಾ ಹಾಳಾದ ಊರಿಗೆ ಮರಳಿದ ಅಧ್ಯಾಯವನ್ನು ಓದಿದ ಮಗುವನ್ನು ಒಮ್ಮೆ ಅವರ ಬಳಿ ಕೂರಿಸಬೇಕು. ಆ ಹಿರಿಯರ ಮಾತೇ ನಮ್ಮ ಶಂಖ. ಅವರು ತೀರಿಕೊಂಡ ಮೇಲೆ ಕಿವಿಗಿಟ್ಟು ಕೇಳಲು ಏನೂ ಉಳಿಯುವುದಿಲ್ಲ.

ಕಡೆಯದಾಗಿ ಒಂದು ವ್ಯವಹಾರದ ಮಾತು. ಇಂತಹುದೇ ಇನ್ನೊಂದು ಮಾಲೆ ಇಂಗ್ಲೆಂಡಿನ ಲಿಜ್ ಕೆಸ್ಲರ್ ಬರೆದ ಎಮಿಲಿ ವಿಂಡ್‌ಸ್ನ್ಯಾಪ್‌ಳ ಕಥೆ. ಅದರ ಮೊದಲ ಭಾಗ ೨೦೦೩ರಲ್ಲಿ, ಎರಡನೆಯದು ೨೦೦೪ರಲ್ಲಿ ಬಂದವು. ದೋಣಿಯಲ್ಲಿಯೇ ವಾಸವಾಗಿದ್ದರೂ ಆ ಹುಡುಗಿಯನ್ನು ತಾಯಿ ನೀರಿಗೆ ಇಳಿಸಿರುವುದಿಲ್ಲ. ಶಾಲೆಯ ಈಜಿನ ತರಗತಿಯಲ್ಲಿ ಮೊದಲ ಬಾರಿ ಇಳಿದಾಗ ತಾನು ಯಾರೆಂದು ಆಕೆಗೆ ತಿಳಿಯುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೂ ನದಿ, ನಾಲೆ, ಕೆರೆ, ಹಿನ್ನೀರು ಎಲ್ಲೆಲ್ಲಿಯೂ ಇವೆ. ಗಂಡುಮಕ್ಕಳು ಹೇಗೋ ಈಜು ಕಲಿಯುತ್ತಾರೆ. ಹೆಣ್ಣುಮಕ್ಕಳಿಗೆ ನಾವು ನೀರಿನ ಭಯವನ್ನು ಕಲಿಸುತ್ತೇವೆ, ಈಜನ್ನು ಕಲಿಸುವುದಿಲ್ಲ. ಬಟ್ಟೆ ಒಗೆಯಲು ನಾಲೆಗೆ ಇಳಿದವಳು, ಜಾತ್ರೆಯಲ್ಲಿ ಹೊಳೆಯ ಸ್ನಾನಕ್ಕೆ ಇಳಿದವಳು ಕಾಲು ಜಾರಿದರೆ ಆ ಭಯ ಆಕೆಯನ್ನು ದಡಕ್ಕೆ ತರುವುದಿಲ್ಲ. ಮೀನಿನ ಬಾಲದ ಕನಸನ್ನು ಕಾಣುವ ವಯಸ್ಸಿನಲ್ಲಿಯೇ, ಬಲ್ಲವರ ಕಣ್ಣೆದುರಿನಲ್ಲಿ, ಅಪಾಯವಿಲ್ಲದ ನೀರಿನಲ್ಲಿ ಆಕೆಗೆ ಕೈಕಾಲು ಬಡಿಯುವುದನ್ನು ಕಲಿಸಿದರೆ ಅದು ತಂದೆತಾಯಿ ಕೊಡಬಹುದಾದ ದೊಡ್ಡ ಆಸ್ತಿ.

ಮಕ್ಕಳು ಓದಲಿ. ಓದಿದ್ದನ್ನು ಮನೆಯ ಭಾಷೆಯಲ್ಲಿ ಮನೆಯವರಿಗೆ ಹೇಳಲಿ. ಹಿರಿಯರು ತಮ್ಮ ಕಥೆಯನ್ನು ಅದರ ಪಕ್ಕದಲ್ಲಿ ಇಡಲಿ. ಮುಂದೇನಾಯಿತು ಎಂದು ಕೇಳುವ ಮಗುವಿಗೆ ಉತ್ತರ ಕೊಡುವಷ್ಟು ಬಿಡುವು ಪ್ರತಿಯೊಂದು ಮನೆಯಲ್ಲಿಯೂ ದೊರೆಯಲಿ ಎಂದು ಹಾರೈಸುತ್ತೇವೆ.